ಗಿರಣಿಯ ಪ್ರಶ್ನೆಗೆ ಹಳೆಯ ಉತ್ತರ

ನನ್ನ ಮಗಳು ಪೂರ್ಣಿಮಾಗೆ ಗೋಧಿ ಆಗುವುದಿಲ್ಲ. ಕರುಳಿನ ಪರೀಕ್ಷೆ ಮಾಡಿ ವೈದ್ಯರು ಹಾಗೆಂದ ದಿನವೇ ಮನೆಯಲ್ಲಿ ಚಪಾತಿ ನಿಂತಿತು. ಜೋಳದ ರೊಟ್ಟಿ ಉಣ್ಣುವವರಿಗೆ ಇದೇನು ಕಷ್ಟ ಅಂದುಕೊಂಡಿದ್ದೆ. ಆರು ತಿಂಗಳಾದರೂ ಹೊಟ್ಟೆನೋವು ಬಿಡಲಿಲ್ಲ, ತೂಕ ಏರಲಿಲ್ಲ.

“ಎಲ್ಲಿಂದೋ ಗೋಧಿ ಹೊಟ್ಟಿಗೆ ಹೋಗಾಕತ್ತೈತಿ, ಹುಡುಕ್ರಿ. ಇಲ್ಲಾಂದ್ರ ಮತ್ತ ಗಂಟಲಾಗ ಕೊಳವಿ ಇಳಿಸಿ ನೋಡಬೇಕಾಗ್ತೈತಿ,” ಎಂದರು ವೈದ್ಯರು.

ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಒಬ್ಬರು ಮಜ್ಜಿಗೆ ಕುಡಿಸಿ ಎಂದರು, ಇನ್ನೊಬ್ಬರು ದೃಷ್ಟಿ ತೆಗೆಯಿರಿ ಎಂದರು. ಕುಕ್ಕರ್ ಇಳಿಸಿ ಬರುವಷ್ಟರಲ್ಲಿ ನನ್ನ ಪ್ರಶ್ನೆ ಶುಭೋದಯಗಳ ಕೆಳಗೆ ಹೂತುಹೋಗಿತ್ತು.

ಹುಡುಕುತ್ತಾ ಒಂದು ಹಳೆಯ ಇಮೇಲ್ ಗುಂಪು ಸಿಕ್ಕಿತು, ಇಂಥ ಮಕ್ಕಳ ತಂದೆತಾಯಂದಿರದು. ಚಿತ್ರವಿಲ್ಲ, ಬಣ್ಣವಿಲ್ಲ, ಒಂದು ಪ್ರಶ್ನೆ, ಅದರ ಕೆಳಗೇ ಅದರ ಉತ್ತರಗಳು. ‘ಜೋಳ’ ಎಂದು ಹಾಕಿ ಹುಡುಕಿದೆ. ಹುಬ್ಬಳ್ಳಿಯ ಮೈಲಾರಲಿಂಗ ಎಂಬವರು 2011ರಲ್ಲಿ ಬರೆದಿದ್ದರು: ‘ರೊಟ್ಟಿಯೇ ತಿಂದರೂ ಮಗನಿಗೆ ಹೊಟ್ಟೆನೋವು. ಕೊನೆಗೆ ತಿಳಿಯಿತು, ಗಿರಣಿಯಲ್ಲಿ ನಮಗಿಂತ ಮೊದಲು ಗೋಧಿ ಬೀಸುತ್ತಿದ್ದರು; ಕಲ್ಲಿಗಂಟಿದ ಆ ಹಿಟ್ಟು ನಮ್ಮದರಲ್ಲಿ ಸೇರುತ್ತಿತ್ತು.’

ಒಲೆ ಆರಿಸಿ ಕೂತುಬಿಟ್ಟೆ. ನಮ್ಮ ಹಿಟ್ಟು ಬರುವುದು ಖಾನಾಪುರದಿಂದ. ಅತ್ತೆ ಶಿವಬಸವ್ವ ಮೊಮ್ಮಗಳಿಗೆಂದೇ ಜೋಳ ಹಸನು ಮಾಡಿ, ಬೀಸಿಸಿ, ಡಬ್ಬಿ ತುಂಬಿ ಕಳಿಸುತ್ತಾರೆ.

‘ಇನ್ನೂ ಇಲ್ಲಿ ಇದ್ದೀರಾ?’ ಎಂದು ಆ ಉತ್ತರದ ಕೆಳಗೆ ಬರೆದೆ. ಸಂಜೆಯೊಳಗೆ ಬಂತು: ‘ಇದ್ದೇನೆ. ಮಗನಿಗೀಗ ಇಪ್ಪತ್ತೆರಡು, ನನಗಿಂತ ಎತ್ತರ. ಸಣ್ಣ ಮನೆಗಿರಣಿ ತನ್ನಿ. ಗೋಧಿ ಅದರ ಹತ್ತಿರವೂ ಬರಬಾರದು.’

ಭಾನುವಾರ ಖಾನಾಪುರಕ್ಕೆ ಹೋದೆ.

“ಅತ್ತಿ, ನಮ್ಮ ಜೋಳಕ್ಕಿಂತ ಮೊದ್ಲ ಗಿರಣ್ಯಾಗ ಏನ್ ಬೀಸ್ತಾರ್ರಿ?”

“ಗೋಧಿ. ಯಾಕವಾ? ನಾ ಮುಂದ ನಿಂತು ಬೀಸಿಸ್ತೀನಲ್ಲ.”

ಎಲ್ಲ ಹೇಳಿದೆ. ಅತ್ತೆ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ಕುಳಿತರು. “ಅಂದ್ರ ನಾನ ಹಾಕೀನೇನ ಕೂಸಿನ ಹೊಟ್ಟಿಗೆ?”

“ದಿನಾ ರೊಟ್ಟಿ ಬಡದ ಹಾಕಿದಾಕಿ ನಾನ ರೀ. ಇಬ್ಬರಿಗೂ ಗೊತ್ತಿರ್ಲಿಲ್ಲ.”

ಮುಚ್ಚಳ ಹಾಕಿ ಡಬ್ಬಿ ಪಕ್ಕಕ್ಕಿಟ್ಟು ಕೇಳಿದರು: “ಆ ಮೈಲಾರಲಿಂಗ ನಿಮ್ಮ ತವರಮನಿ ಕಡ್ಯಾವರೇನ?”

“ಅವರ ಮಾರಿನೂ ನೋಡಿಲ್ರಿ.”

“ಮತ್ತ ಅಷ್ಟ ವರ್ಷದ ಹಿಂದನ ನಮ್ಮ ಸಲುವಾಗಿ ಬರದಿಟ್ಟಾರಲ್ಲ!”

ಮನೆಗಿರಣಿ ಬಂದು ಎರಡು ತಿಂಗಳಾಯಿತು. ನಿನ್ನೆ ಪೂರ್ಣಿಮಾಳ ತೂಕ ಒಂದೂವರೆ ಕಿಲೋ ಏರಿತ್ತು. ಕೊಳವೆ ಸದ್ಯಕ್ಕೆ ಬೇಡ ಎಂದರು ವೈದ್ಯರು. ಆಸ್ಪತ್ರೆಯ ಮೆಟ್ಟಿಲಿನಿಂದಲೇ ಅತ್ತೆಗೆ ಫೋನ್ ಮಾಡಿದೆ.

“ಆ ಗುಂಪಿನೊಳಗ ನೀನೂ ಬರಿ,” ಎಂದರು; ಮೂಗು ಸೀಟಿದ ಸದ್ದು ಕೇಳಿಸಿತು. “ಮುಂದ ನಿಂತು ಬೀಸಿಸಿದ್ರೂ ತಪ್ಪಾಗ್ತೈತಿ ಅಂತ ಬರಿ. ನನ್ನಂಥಾಕಿ ಇನ್ನೊಬ್ಬಾಕಿ ಇದ್ದ ಇರ್ತಾಳ.”

“ನಿಮ್ಮ ಹೆಸರು ಹಾಕ್ಲಿರಿ?”

“ಹಾಕು. ಗಿರಣಿಯಂವಂದು ಮಾತ್ರ ಹಾಕಬ್ಯಾಡ, ಪಾಪ, ಅಂವಗೇನ ಗೊತ್ತು.”