ತಲೆದಿಂಬಿನ ಕೆಳಗಿನ ಮಣ್ಣು

ದೂರದ ಬಯಲು ನುಣ್ಣಗೆ. ಹಡಗಿನ ಟಿಕೆಟ್ ಮಾರುವವನ ಬಾಯಲ್ಲಿ ಅದಕ್ಕೆ ಬೆಣ್ಣೆಯೂ ಸವರಿರುತ್ತದೆ. ನಂಬಿದರೆ ನಂಬಿ, ಇದು ನಡೆದದ್ದೇ.

ಯವ್ದೋಖಾ ಕತ್ತರಿಯ ತುದಿಯಿಂದ ಬಟ್ಟೆಚೀಲದ ಹೊಲಿಗೆ ಬಿಚ್ಚತೊಡಗಿದ್ದಳು. ಪಕ್ಕದಲ್ಲಿ, ಎರಡು ಬೆಂಚುಗಳ ಮೇಲಿಟ್ಟ ಶವಪೆಟ್ಟಿಗೆಯಲ್ಲಿ, ಅವಳ ಗಂಡ ಒನುಫ್ರಿ ಕಸೂತಿ ಅಂಗಿ ತೊಟ್ಟು ಮಲಗಿದ್ದ. ಅಂಗಳದಲ್ಲಿ ಬಂಡಿ ಕಾದಿತ್ತು.

"ಬೇಡ ಅಕ್ಕಾ," ಎಂದ ಟಿಮ್ಕೊ. ಅವರೊಂದಿಗೆ ಒಂದೇ ಹಡಗಿನಲ್ಲಿ ಕೆನಡಾಕ್ಕೆ ಬಂದು ಪಕ್ಕದ ಹೊಲ ಹಿಡಿದವನು ಅವನು. "ಅದು ನಿನಗಿರಲಿ. ಅವನೂ ಹಾಗೇ ಹೇಳಿದ್ದನಲ್ಲ."

"ನಲವತ್ತು ವರ್ಷ ತಲೆದಿಂಬಿನ ಕೆಳಗೆ ಇಟ್ಕೊಂಡಿದ್ದು ಮತ್ಯಾಕೆ? ನಮ್ಮಮ್ಮನ ಹಿತ್ತಲ ಹಳದಿ ಮಣ್ಣು. ಅರ್ಧ ಅವನ ತಲೆಯಡಿಗೆ, ಅರ್ಧ ನನ್ನ ತಲೆಯಡಿಗೆ. ಅದಿಲ್ದೆ ಈ ಪರದೇಶದಲ್ಲಿ ಅವನನ್ನ ಹೂಳೋಕೆ ನಾನು ಬಿಡಲ್ಲ."

ಟಿಮ್ಕೊ ಟೋಪಿ ಹಿಸುಕುತ್ತ ನಿಂತ. ಮಾತು ಮರೆಸಲು ಅವನಿಗೆ ತಿಳಿದದ್ದು ಒಂದೇ ಉಪಾಯ. ಎದೆಯುಬ್ಬಿಸಿ, ಇಲ್ಲದ ಮೀಸೆ ತಿರುವಿ, ಮೂಗಿನಲ್ಲೇ ಶುರುಮಾಡಿದ: "ಮಾನ್ಯ ರೈತ ಬಾಂಧವರೇ! ಅಲ್ಲಿ ಚಳಿ ಎಂಬುದೇ ಇಲ್ಲ. ಹವೆ ಕೊಂಚ... ಲವಲವಿಕೆಯದು!"

ಸುತ್ತ ಕೂತ ಹೆಂಗಸರು ತಲೆವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ತಮಗೆ ಹಡಗಿನ ಟಿಕೆಟ್ ಮಾರಿದ ದಲ್ಲಾಳಿಯನ್ನು ಒನುಫ್ರಿ ಅಣಕಿಸುತ್ತಿದ್ದದ್ದೇ ಹಾಗೆ. ಹಿಮಗಾಳಿಗೆ ಹಸು ನಿಂತಲ್ಲೇ ಸೆಟೆದು ಸತ್ತ ದಿನವೂ ಅವನು ಹೇಳಿದ್ದ: "ಪಾಪ, ಲವಲವಿಕೆ ಜಾಸ್ತಿಯಾಯ್ತು."

*

ನಲವತ್ತು ವರ್ಷಗಳ ಹಿಂದೆ, ಯುರೋಪಿನ ಗಲೀಷಿಯಾದ ಅವರ ಹಳ್ಳಿಯಲ್ಲಿ, ಹಡಗು ಕಂಪನಿಯ ಆ ಮೀಸೆಯ ದಲ್ಲಾಳಿ ಚರ್ಚಿನೆದುರು ಪೀಪಾಯಿ ಹತ್ತಿ ಕೂಗಿದ್ದ: "ಮನೆಗೆ ನೂರರವತ್ತು ಎಕರೆ!" ಎರಡೆಕರೆಯನ್ನು ಮೂವರು ತಮ್ಮಂದಿರ ಜೊತೆ ಹಂಚಿಕೊಂಡಿದ್ದ ಒನುಫ್ರಿಗೆ ಮುಂದಿನದು ಕೇಳಿಸಲಿಲ್ಲ. ಯವ್ದೋಖಾ ಕಂಡದ್ದು ದಲ್ಲಾಳಿ ಹಂಚಿದ ಕಾಗದದ ಚಿತ್ರ: ಬಿಳಿ ಮನೆ, ಅದರ ಮುಂದೆ ಕೊಂಬೆ ಬಾಗಿದ ಪ್ಲಮ್ ಮರ.

"ಪ್ಲಮ್ ಇದ್ರೆ ಬರ್ತೀನಿ," ಎಂದಳು.

ಬಂದಾಗ ಇದ್ದದ್ದು ಹುಲ್ಲು. ಅದರಾಚೆಗೂ ಹುಲ್ಲು. ಒನುಫ್ರಿ ಎಲ್ಲಿಂದಲೋ ಸಸಿ ತಂದ. ಎರಡು ಚಳಿಗಾಲಗಳು ಎರಡು ಸಸಿಗಳನ್ನು ತಿಂದವು. ಮೂರನೆಯದನ್ನು ತಂದಾಗ ಅವಳು ಅಂದಳು: "ಇದೂ ಸತ್ರೆ ನಾನು ಹೊರಟೆ. ಸಮುದ್ರದವರೆಗೆ ನಡ್ಕೊಂಡಾದ್ರೂ ಹೋಗ್ತೀನಿ."

ಅದು ಬದುಕಿತು. ಮರವಾಗಿ ಹಣ್ಣು ಬಿಟ್ಟ ಮೇಲೆ ಅವಳು ವರ್ಷವರ್ಷವೂ ಪಾಕ ಕಾಯಿಸಿ, ಸೌಟು ನೆಕ್ಕಿ, "ಥೇಟ್ ನಮ್ಮಮ್ಮನ ಹಿತ್ತಲ ರುಚಿ!" ಎನ್ನುವಳು. ಒನುಫ್ರಿ ಕಿಟಕಿಯತ್ತ ತಿರುಗಿ ಕೆಮ್ಮುತ್ತಿದ್ದ.

*

ಕೊನೆಯ ಹೊಲಿಗೆ ಬಿಚ್ಚಿತು. ಅಂಗೈಗೆ ಸುರಿದದ್ದು ಕಪ್ಪು ಮಣ್ಣು, ಬಾಗಿಲಾಚೆಯ ಹೊಲದ್ದೇ. ಅದರೊಳಗೆ ನಾಲ್ಕಾಗಿ ಮಡಚಿದ ಒಂದು ಚಿತ್ರ: ಬಿಳಿ ಮನೆ, ಪ್ಲಮ್ ಮರ.

"ಟಿಮ್ಕೊ," ಎಂದಳು ಯವ್ದೋಖಾ, ತಲೆಯೆತ್ತದೆ.

"ಆ ಮೂರನೇ ಸಸಿ ನೆಡುವಾಗ ಹಿಡ್ಕೊಂಡಿದ್ದು ನಾನೇ ಅಕ್ಕಾ. ನೀನು ಹಾಲು ಕರೀತಿದ್ದೆ. ಚೀಲದ ಅಷ್ಟೂ ಮಣ್ಣನ್ನ ಬೇರಿಗೆ ಸುರಿದುಬಿಟ್ಟ. 'ಅವಳ ಮಣ್ಣು ಇಲ್ಲಿ ನಿಂತ್ರೆ ಅವಳೂ ನಿಲ್ತಾಳೆ' ಅಂದ. ಆಮೇಲೆ ಇದನ್ನ ತುಂಬಿ ಹೊಲಿದ." ಜೊತೆಗೇ ಸೇರಿಸಿದ: "ಹೊಲಿಗೆ ನಿನ್ನದಕ್ಕಿಂತ ಚೆನ್ನಾಗಿತ್ತು."

ಅವಳು ಗಂಡನ ಮುಖವನ್ನು ದಿಟ್ಟಿಸಿದಳು.

"ಈಸ್ಟರ್ ಈಸ್ಟರಿಗೂ ಈ ಚೀಲಕ್ಕೆ ಮುತ್ತಿಟ್ಟು ಅತ್ತಿದೀನಿ. ನೀನು ಪಕ್ಕದಲ್ಲಿ ಟೋಪಿ ತೆಗೆದು ನಿಲ್ತಿದ್ದೆ. ಕಳ್ಳ!"

ಗುದ್ದಲಿ ಹಿಡಿದು ಹೊರನಡೆದಳು. ಮರ ಮೈತುಂಬ ಹೂ ಬಿಟ್ಟಿತ್ತು. ಬುಡ ಅಗೆದು, ಮಂಡಿಯೂರಿ, ಹೆಂಟೆ ಪುಡಿಮಾಡಿ ನೋಡಿದಳು. ಹಳದಿ ಎಲ್ಲೂ ಇರಲಿಲ್ಲ. ಬೇರಿನವರೆಗೂ ಕಪ್ಪೇ. ಅದನ್ನೇ ಮಡಿಲಿಗೆ ತುಂಬಿಕೊಳ್ಳತೊಡಗಿದಳು.

"ಆ ಮೀಸೆಯವನು ಹಡಗು ಹತ್ತಿಸಿದ, ಅಷ್ಟೇ," ಎಂದಳು, ಬಾಗಿಲಲ್ಲಿ ನೆರೆದವರತ್ತ ತಿರುಗಿ. "ವಾಪಸು ಹತ್ತದ ಹಾಗೆ ಹಿಡಿದ ದಲ್ಲಾಳಿ ನನ್ನ ಹಾಸಿಗೇಲೇ ಇದ್ದ!"

ಮೊದಲು ಟಿಮ್ಕೊ ಕಿಸಕ್ಕೆಂದ. ಹೆಂಗಸರು ಒಬ್ಬರ ಹಿಂದೆ ಒಬ್ಬರು ಅವಿತುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಯವ್ದೋಖಾ. ಎದ್ದು ನಿಲ್ಲಲಾಗದೆ ಅವಳು ಕೊಂಬೆ ಹಿಡಿದುಕೊಂಡಳು. ಅವಳು ನಕ್ಕಷ್ಟೂ ಕೊಂಬೆ ಅಲುಗಿ, ಮಡಿಲ ಕಪ್ಪು ಮಣ್ಣಿನ ಮೇಲೆ ಬಿಳಿ ಎಸಳುಗಳು ಉದುರುತ್ತಲೇ ಇದ್ದವು.