ನೂರಕ್ಕೆ ನಲವತ್ತೊಂದು

ಆಕೆ ಮಂಡಿಯೂರಿ ಕೂತು, ಟೇಪಿನ ಒಂದು ತುದಿಯನ್ನು ಸಿಮೆಂಟು ನೆಲಕ್ಕೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ತುದಿಯನ್ನು ಕಾರಿನ ಸೀಟಿನ ಅಂಚಿನವರೆಗೆ ಎಳೆದಳು. ಇಪ್ಪತ್ತಾರು ಇಂಚು. ಹಳೇ ಕಾರುಗಳನ್ನು ಮಾರುವ ಆ ಅಂಗಳದಲ್ಲಿ ಅಷ್ಟು ಹೊತ್ತೂ ಹಿಂದೆ ನೋಡುವ ಕ್ಯಾಮೆರಾ, ಬೆರಳಿಟ್ಟರೆ ಹಾಡುವ ಪರದೆ ಎಂದು ಬಾಯಿಪಾಠ ಒಪ್ಪಿಸುತ್ತಿದ್ದ ಮಾರಾಟದವನು ಮಾತು ನಿಲ್ಲಿಸಿ ಬಗ್ಗಿ ನೋಡಿದ.

"ಏನಮ್ಮಾ ಅಳೀತಿದೀರಾ? ಸೀಟಿಗೆ ಕವರ್ ಹೊಲೀಬೇಕಾ?"

"ಇಲ್ಲಪ್ಪ. ಮನುಷ್ಯರು ಹಿಡೀತಾರಾ ನೋಡ್ತಿದೀನಿ."

ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ತ್ರಾಣ ಆಕೆಗೂ ಇರಲಿಲ್ಲ. ಬಾಗಿಲು ತೆರೆದಾಗ ಕಾಲು ದಾಟಿಸಬೇಕಾದ ಕೆಳಗಿನ ಪಟ್ಟಿಗೆ ಕಾರಿನವರು ಏನೆನ್ನುತ್ತಾರೋ ಏನೋ, ಆಕೆ ಅದನ್ನು ಹೊಸ್ತಿಲು ಎಂದೇ ಕರೆಯುತ್ತಿದ್ದಳು. ಹೊಸ್ತಿಲ ಅಗಲ ಆರೂವರೆ ಇಂಚು. ಎರಡನ್ನೂ ಅಂಗಡಿಯ ಅಳತೆ ಪುಸ್ತಕದಲ್ಲಿ, ಯಾರದೋ ತೋಳು, ಯಾರದೋ ಸೊಂಟಗಳ ನಡುವೆ ಗೆರೆ ಹಾಕಿಟ್ಟಿದ್ದ ಪುಟದಲ್ಲಿ ಬರೆದುಕೊಂಡಳು. ಏಳಲು ಬಾಗಿಲನ್ನೇ ಹಿಡಿದುಕೊಳ್ಳಬೇಕಾಯಿತು. ಸೊಂಟ ಈಗ ಹಾಗೆ ಸುಮ್ಮನೆ ಏಳಗೊಡುತ್ತಿರಲಿಲ್ಲ.

ಬೀದಿಯವರಿಗೆಲ್ಲ ಆಕೆ ಟೈಲರಮ್ಮ. ಅಂಗಿ, ಪರದೆ, ದಿಂಬಿನ ಚೀಲ, ಶಾಲೆಯ ಯೂನಿಫಾರಂ, ಏನು ಕೊಟ್ಟರೂ ಹೊಲಿದುಕೊಡುತ್ತಿದ್ದಳು. ಗಂಡನನ್ನು ಊರೆಲ್ಲ ಮೇಷ್ಟ್ರು ಎನ್ನುತ್ತಿತ್ತು, ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳದಿದ್ದರೂ. ಅವರು ಮೂವತ್ತು ವರ್ಷ ಪತ್ರಿಕೆಯೊಂದರಲ್ಲಿ ಕಾರುಗಳಿಗೆ ಅಂಕ ಕೊಟ್ಟವರು. ಕಂಪನಿಗಳು ಹೊಸ ಕಾರನ್ನು ವಾರದ ಮಟ್ಟಿಗೆ ಅವರ ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದವು. ಮೇಷ್ಟ್ರು ಅದನ್ನು ಏರಿನಲ್ಲಿ, ತಿರುವಿನಲ್ಲಿ, ಹೊಂಡದಲ್ಲಿ ಓಡಿಸಿ, ಹತ್ತು ಕಲಮಿನ ನಮೂನೆಯಲ್ಲಿ ನೂರಕ್ಕೆ ಇಷ್ಟು ಎಂದು ಬರೆಯುವರು. ವಾರಕ್ಕೊಂದು ಹೊಸ ಕಾರು ಬರುವ ಮನೆಯಲ್ಲಿ ಸ್ವಂತದ್ದೊಂದು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮೇಷ್ಟ್ರು ನಿಂತಲ್ಲೇ ಕುಸಿದರು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಮಾತಿನಲ್ಲಿ ಉಳಿದದ್ದೆಂದರೆ ಅಂಕಿಗಳು. ಕೆಲವರಿಗೆ ಹಾಗಾಗುತ್ತದೆ, ಎಣಿಕೆ ತಲೆಯ ಬೇರೆ ಮೂಲೆಯಲ್ಲಿ ಇರುತ್ತದೆ, ಉಳಿದ ಮಾತು ಬರಬಹುದು ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು. ಹೀಗಾಗಿ ಮೇಷ್ಟ್ರು ಬಾಯಿಬಿಟ್ಟರೆ ಅಂಕ. ಬೆಳಗಿನ ಗಂಜಿಗೆ ಮೂವತ್ತೈದು, ಹೊಸ ದಿಂಬಿಗೆ ಅರವತ್ತು. ತಮ್ಮನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವ ಹೆಂಡತಿಗೆ ದಿನವೂ ನಲವತ್ತು. ಮೊದಮೊದಲು ಆಕೆಗೆ ನಗು ಬರುತ್ತಿತ್ತು. ಈಚೆಗೆ ಅದನ್ನು ಕೇಳಿದರೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತುಬಿಡುತ್ತಿದ್ದಳು.

ವಾರಕ್ಕೆರಡು ಸಲ ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಅವರನ್ನು ಕರೆದೊಯ್ಯಬೇಕಿತ್ತು. ಮೊದಲಿಗೆ ಆಂಬುಲೆನ್ಸಿನ ಇಬ್ಬರು ಬಂದು, ಬೀರು ಇಳಿಸುವ ಹಾಗೆ ಅವರನ್ನು ಮೆಟ್ಟಿಲಿನಿಂದ ಇಳಿಸಿ, ಮಲಗಿಸಿ ಒಯ್ಯುತ್ತಿದ್ದರು. ಮೇಷ್ಟ್ರು ಅಷ್ಟು ದೂರವೂ ಕಣ್ಣು ಮುಚ್ಚಿಕೊಂಡಿರುವರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಇದನ್ನು ನೋಡಲಾರದೆ, ಕಾರೊಂದನ್ನು ತೆಗೆದುಕೊಳ್ಳೋಣ, ಅಪ್ಪ ಮರ್ಯಾದೆಯಾಗಿ ಮುಂದಿನ ಸೀಟಿನಲ್ಲಿ ಕೂತು ಹೋಗಲಿ ಎಂದಳು. ಯಾವ ಕಾರು ಎಂಬ ಪ್ರಶ್ನೆಯೇ ಇರಲಿಲ್ಲ. ಮನೆಮಂದಿಗೆಲ್ಲ ಆಗುವಂಥ, ಎತ್ತರ ನಿಲುವಿನ, ಉದ್ದ ಕಡಿಮೆಯ ಗಾಡಿಯೊಂದಿತ್ತು. ಒಂದೇ ಹೆಸರಿನಲ್ಲಿ ಇಪ್ಪತ್ತೇಳು ವರ್ಷದಲ್ಲಿ ನಾಲ್ಕು ತಲೆಮಾರು ಕಂಡದ್ದು. ನಾಲ್ಕಕ್ಕೂ ಅಂಕ ಕೊಟ್ಟವರು ಮೇಷ್ಟ್ರೇ. ಮೊದಲನೆಯದಕ್ಕೆ ನಲವತ್ತೊಂದು, ಎರಡನೆಯದಕ್ಕೆ ಅರವತ್ತೆರಡು, ಮೂರನೆಯದಕ್ಕೆ ಎಪ್ಪತ್ತನಾಲ್ಕು. ನಾಲ್ಕನೆಯದಕ್ಕೆ ಎಂಬತ್ತೇಳು, ಅವರು ಜೀವಮಾನದಲ್ಲಿ ಯಾವ ಕಾರಿಗೂ ಅಷ್ಟು ಕೊಟ್ಟಿರಲಿಲ್ಲ. ಬೇರೆ ಕಂಪನಿಯ ಚಿತ್ರಗಳನ್ನು ಮಗಳು ತೋರಿಸಿದರೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹಾಗೆ ಎಲ್ಲಕ್ಕೂ ಸೊನ್ನೆ.

ತಪ್ಪಾದದ್ದು ಅಲ್ಲಿಯೇ. ನಾಲ್ಕನೆಯದರ ವಿಮರ್ಶೆಯಲ್ಲಿ ಹತ್ತಿ ಇಳಿಯುವ ಕಲಮಿನಲ್ಲಿ ಮೇಷ್ಟ್ರು ಹತ್ತಕ್ಕೆ ಒಂಬತ್ತು ಬರೆದಿದ್ದರು. ಅವರೇ ಬರೆದದ್ದಲ್ಲವೇ, ಇನ್ನೇನು ನೋಡುವುದು ಎಂದು ತಾಯಿ ಮಗಳು ಇಬ್ಬರೂ ನಂಬಿದರು. ಬರೆದ ದಿನ ಅವರ ಎರಡೂ ಕಾಲು ಗಟ್ಟಿಯಿದ್ದವು ಎಂಬುದು ಯಾರಿಗೂ ಹೊಳೆಯಲಿಲ್ಲ. ಕೂತು ನೋಡಲೆಂದು ಮೇಷ್ಟ್ರನ್ನು ಕರೆದೊಯ್ದ ಷೋರೂಮಿನಲ್ಲಿ ಆ ವಿಮರ್ಶೆಯನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅದರ ಕೆಳಗೇ ಮೇಷ್ಟ್ರು ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡರು. ಸೀಟಿನ ಅಂಚು ದಿಬ್ಬದಂತೆ ಎದ್ದಿತ್ತು, ಮುಂದಕ್ಕೆ ಇಳಿಜಾರಾದ ಚಾವಣಿಗೆ ತಲೆ ತಾಗಿತು, ಸೋತ ಕಾಲು ಹೊಸ್ತಿಲ ಹೊರಗೇ ಉಳಿಯಿತು. ಟೈ ಕಟ್ಟಿದ ಮೂವರು ಸೇರಿ ಕಂಕುಳಿಗೆ ಕೈಕೊಟ್ಟು ಎಳೆದರು. ಒಬ್ಬ ಗಿರಾಕಿ ಮೊಬೈಲು ಎತ್ತಿದ್ದನ್ನು ಮಗಳು ನೋಡಿ ಜಗಳವಾಡಿದಳು.

ಅಂದಿನಿಂದ ಮೇಷ್ಟ್ರು ಮನೆಯ ಹೊಸ್ತಿಲು ದಾಟಲಿಲ್ಲ. ಆಂಬುಲೆನ್ಸಿನವರು ಬಂದರೆ ಎಡಗೈಯಿಂದ ಮಂಚದ ಸರಳು ಹಿಡಿದುಕೊಂಡು ಬಿಡುವುದೇ ಇಲ್ಲ. ಹೀಗೇ ಒಂದು ತಿಂಗಳು. ಈ ನಾಲ್ಕಾರು ತಿಂಗಳಲ್ಲಿ ಕಾಲಿಗೆ ಬಂದದ್ದೇ ಬಂದದ್ದು, ಆಮೇಲೆ ನೀವು ಕರಕೊಂಡು ಬಂದರೂ ನಮ್ಮ ಕೈಲಿ ಹೆಚ್ಚೇನೂ ಆಗೋದಿಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ ದಿನ ಟೈಲರಮ್ಮ ಅಂಗಡಿಯ ಟೇಪನ್ನು ಕೈಚೀಲಕ್ಕೆ ಹಾಕಿಕೊಂಡಳು. ಅದೇ ದಿನ ಗಂಡನನ್ನು ಶೌಚದಿಂದ ಎಬ್ಬಿಸುವಾಗ, ಇದೆಲ್ಲ ಒಮ್ಮೆ ಮುಗಿದರೆ ಸಾಕಪ್ಪ ಎಂದು ಆಕೆಯ ಬಾಯಲ್ಲಿ ಬಂದುಬಿಟ್ಟಿತ್ತು. ಏನು ಮುಗಿಯಬೇಕೆಂದು ತನ್ನನ್ನು ತಾನೇ ಕೇಳಿಕೊಳ್ಳಲು ಆಕೆಗೆ ಭಯವಾಯಿತು.

ಗಾಲಿಕುರ್ಚಿಯ ಎತ್ತರ, ಮೆತ್ತೆ ಸೇರಿ, ಇಪ್ಪತ್ತು ಇಂಚು. ಅದಕ್ಕೆ ಹೊಂದುವ ಸೀಟು ಬೇಕು. ಷೋರೂಮಿಗೆ ಒಬ್ಬಳೇ ಮತ್ತೆ ಹೋಗಿ ನಾಲ್ಕನೆಯದನ್ನು ಅಳೆದಳು: ಸೀಟು ಇಪ್ಪತ್ತೇಳು, ಹೊಸ್ತಿಲು ಏಳು. ಪಕ್ಕದ ಬೀದಿಯ ಔಷಧಿ ಅಂಗಡಿಯವರ ಎರಡನೆಯದು ಇಪ್ಪತ್ತನಾಲ್ಕು, ಐದು. ಇವತ್ತು ಹಳೇ ಕಾರಿನ ಅಂಗಳದಲ್ಲಿ ಮೂರನೆಯದೂ ಆಯಿತು. ಪುಟದ ಮೇಲೆ ಕಣ್ಣಾಡಿಸಿದಾಗ ಆಕೆಗೆ ಸಿಟ್ಟು ಬಂತು. ತಲೆಮಾರಿನಿಂದ ತಲೆಮಾರಿಗೆ ಕಾರಿನ ಅಂಕ ಏರಿದಂತೆಲ್ಲ ಸೀಟೂ ಏರಿತ್ತು, ಹೊಸ್ತಿಲೂ ಅಗಲವಾಗಿತ್ತು. ಮೊದಲನೆಯ ಕಲಂ ಮಾತ್ರ ಖಾಲಿ ಇತ್ತು.

ಮೊದಲನೆಯದನ್ನು ಆಕೆ ಮರೆತಿರಲಿಲ್ಲ. ಆಗ ಮಗಳು ಆರು ತಿಂಗಳ ಕೂಸು. ಪರೀಕ್ಷೆಯ ಕಾರಿನಲ್ಲಿ ಹಿಂದಿನ ಸೀಟು ಯಾವತ್ತೂ ಆಕೆಯದೇ. ಮನೆಯವರು ಕೂತು ನೋಡಬೇಕಲ್ಲ ಎಂದು ಮೇಷ್ಟ್ರು ಕರೆದುಕೊಂಡು ಹೋಗುತ್ತಿದ್ದರು. ಆ ವಾರ ಬಂದದ್ದು ಡಬ್ಬಿಯಂಥ ಕಾರು. ಚಪ್ಪಟೆ ಸೀಟು, ನೇರ ಚಾವಣಿ, ಗೋಡೆಗೆ ತಾಗುವಷ್ಟು ತೆರೆಯುವ ಬಾಗಿಲು. ಇದು ಕಾರಲ್ಲ, ಚಕ್ರ ಕಟ್ಟಿದ ಅಡುಗೆಮನೆ ಸ್ಟೂಲು ಎಂದು ಮೇಷ್ಟ್ರು ಬರೆದರು. ಓದುಗರು ಒಂದು ತಿಂಗಳು ನಕ್ಕರು. ಬರೆಯುವ ಮೊದಲು ಹಿಂದಿನ ಸೀಟು ಹೇಗಿತ್ತೇ ಎಂದು ಕೇಳಿದ್ದರು. ತುಂಬ ಚೆನ್ನಾಗಿದೆ ರೀ, ಹತ್ತಿ ಇಳಿದರೂ ಮಗು ಏಳಲಿಲ್ಲ ಎಂದಿದ್ದಳು. ಕೊಳ್ಳಿಯಂಥ ಕೂಸು ಅದು. ತೊಡೆ ಅಲ್ಲಾಡಿದರೆ ಬೀದಿ ಎಬ್ಬಿಸುತ್ತಿತ್ತು. ಮೇಷ್ಟ್ರು ನಕ್ಕು, "ಮಗು ಏಳಲಿಲ್ಲ ಅನ್ನೋದಕ್ಕೆ ನನ್ನ ಹತ್ರ ಕಲಂ ಇಲ್ಲ ಕಣೇ" ಎಂದಿದ್ದರು. ಆಮೇಲಿನ ಕಾರುಗಳಿಗೆಲ್ಲ ಆಕೆ ಚೆನ್ನಾಗಿದೆ ಎಂದಷ್ಟೇ ಹೇಳುತ್ತ ಬಂದಳು.

ಇಪ್ಪತ್ತೇಳು ವರ್ಷದ ಹಿಂದಿನ ಕಾರು ಈಗ ಎಲ್ಲಿ ಸಿಗಬೇಕು? ಕೊನೆಗೆ ನೋಡಿದರೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಬೀದಿಯ ತುದಿಯ ಲಾಂಡ್ರಿಯವನು ದಿನವೂ ಹೋಟೆಲುಗಳ ಚಾದರದ ಗಂಟು ತುಂಬಿಕೊಂಡು ಓಡಾಡುವ ಬಣ್ಣ ಮಾಸಿದ ಗಾಡಿ ಅದೇ. ಗಂಟುಗಳಿಗಾಗಿ ಹಿಂದಿನ ಸೀಟು ಕಿತ್ತಿದ್ದ. ಮುಂದಿನವು ಹಾಗೇ ಇದ್ದವು. ಟೇಪು ಹಿಡಿದಳು. ಸೀಟು ಇಪ್ಪತ್ತೆರಡು, ಹೊಸ್ತಿಲು ಮೂರು. ಮತ್ತೊಮ್ಮೆ ಅಳೆದಳು. ಲಾಂಡ್ರಿಯವನು, ಹೇಗೂ ದೊಡ್ಡ ವ್ಯಾನು ಬರಲಿದೆ, ಮೇಷ್ಟ್ರಿಗೆ ಆಗುವುದಾದರೆ ನೀವೇ ಇಟ್ಟುಕೊಳ್ಳಿ ಎಂದ. ಅವರು ಬರೆದದ್ದನ್ನು ಓದಿ ಯಾರೂ ಮೂಸದೆ ಇದ್ದಾಗಲೇ ತನಗೆ ಅದು ಅಗ್ಗಕ್ಕೆ ಸಿಕ್ಕಿದ್ದು, ಅವರ ಋಣ ತನ್ನ ಮೇಲಿದೆ ಎಂದೂ ಸೇರಿಸಿದ.

ಮರುದಿನ ಮಧ್ಯಾಹ್ನ ಅವನು ಗಾಡಿಯನ್ನು ತೊಳೆದು ತಂದು ಮನೆ ಮುಂದೆ ನಿಲ್ಲಿಸಿದ. ಟೈಲರಮ್ಮ ಎರಡು ಮೆಟ್ಟಿಲಿಗೆ ಹಲಗೆ ಹಾಸಿ ಗಾಲಿಕುರ್ಚಿಯನ್ನು ಇಳಿಸಿದಳು. ಬಿಸಿಲಿಗೆ ಕೂರಿಸುತ್ತೇನೆಂದು ಸುಳ್ಳು ಹೇಳಿದ್ದಳು. ಕಾರು ಕಂಡೊಡನೆ ಮೇಷ್ಟ್ರ ಕುತ್ತಿಗೆ ನೆಟ್ಟಗಾಯಿತು.

"ನಲವತ್ತೊಂದು," ಎಂದರು. ಎಡಗೈ ಗಾಲಿಯ ಬ್ರೇಕನ್ನು ಎಳೆಯಿತು.

ನೀವು ಫೇಲು ಮಾಡಿದ ಹುಡುಗ ಮೇಷ್ಟ್ರೇ, ಆದರೂ ಇವತ್ತಿಗೂ ದುಡಿದು ಹಾಕುತ್ತಿದ್ದಾನೆ ಎಂದು ಲಾಂಡ್ರಿಯವನು ತಮಾಷೆ ಮಾಡಿ ನೋಡಿದ. ಮೇಷ್ಟ್ರು ಮುಖ ತಿರುಗಿಸಿ ಇನ್ನೊಮ್ಮೆ ನಲವತ್ತೊಂದು ಎಂದರು. ಎದುರು ಮನೆಯ ಕಿಟಕಿ ತೆರೆಯಿತು.

"ಆ ನಲವತ್ತೊಂದು ನೀವು ಕೊಟ್ಟಿದ್ದು," ಎಂದಳು ಟೈಲರಮ್ಮ. ದನಿ ಎತ್ತರಿಸಲಿಲ್ಲ. "ನನ್ನನ್ನ ಯಾರು ಕೇಳಿದ್ರು? ದಿನಾ ನಾಲ್ಕು ಸಲ ನಿಮ್ಮನ್ನ ಎತ್ತಿ ಇಳಿಸಿ ನನ್ನ ಸೊಂಟ ಬಿದ್ದುಹೋಗಿದೆ. ನಂಗೂ ಸಾಕಾಗಿದೆ ರೀ. ಇನ್ನೊಂದು ತಿಂಗಳು ಹೀಗೇ ಅಂದ್ರೆ ನನ್ನ ಕೈಲಿ ಆಗಲ್ಲ."

ಮೂವತ್ತು ವರ್ಷದ ಸಂಸಾರದಲ್ಲಿ ಬೀದಿಯಲ್ಲಿ ನಿಂತು ಆಕೆ ಹೀಗೆ ಆಡಿದ್ದಿಲ್ಲ. ಲಾಂಡ್ರಿಯವನು ಕಾರಿನ ಹಿಂಬದಿಗೆ ಹೋಗಿ, ಆಗಲೇ ಮಡಿಸಿದ್ದ ಚಾದರವೊಂದನ್ನು ಬಿಚ್ಚಿ ಮತ್ತೆ ಮಡಿಸತೊಡಗಿದ. ಆಕೆ ಕೈಚೀಲದಿಂದ ಅಳತೆ ಪುಸ್ತಕ ತೆಗೆದು, ಪುಟ ಹುಡುಕಿ, ಗಂಡನ ತೊಡೆಯ ಮೇಲೆ ಇಟ್ಟಳು.

ಮೇಷ್ಟ್ರು ಬೇಡವೆಂದರೂ ಅವರ ಕಣ್ಣು ಗೆರೆ ಹಾಕಿದ ಪುಟ ಕಂಡರೆ ಸುಮ್ಮನಿರುವ ಕಣ್ಣಲ್ಲ. ನಾಲ್ಕು ಕಲಂ, ಎಂಟು ಅಂಕಿ. ಮೇಲೆ ಒಂದು ಚೌಕದಲ್ಲಿ ಕುರ್ಚಿ ಎಂದು ಬರೆದು ಇಪ್ಪತ್ತು. ಅವರ ಎಡಗೈ ಬೆರಳು ನಾಲ್ಕನೆಯ ಕಲಮಿನಿಂದ ಹೊರಟು, ಒಂದೊಂದರಲ್ಲೂ ತಡೆದು, ಮೊದಲನೆಯದಕ್ಕೆ ಬಂತು. ಅಲ್ಲಿಂದ ಕುರ್ಚಿಯ ಇಪ್ಪತ್ತಕ್ಕೆ ಹೋಗಿ ವಾಪಸು ಬಂತು. ಆಮೇಲೆ ಆ ಕೈ ಕೆಳಗೆ ಹೋಗಿ ಬ್ರೇಕನ್ನು ಬಿಟ್ಟಿತು.

ಆಕೆ ಕುರ್ಚಿಯನ್ನು ಬಾಗಿಲಿಗೆ ಓರೆಯಾಗಿ ನಿಲ್ಲಿಸಿದಳು. ಅವರ ಸೊಂಟಕ್ಕೆ ಕಟ್ಟಿದ್ದ ಅಗಲ ಪಟ್ಟಿ ಆಕೆಯೇ ಹೊಲಿದದ್ದು. ಅದನ್ನು ಎರಡೂ ಕೈಯಲ್ಲಿ ಹಿಡಿದು ಒಂದು, ಎರಡು, ಮೂರು ಎಂದಳು. ಮೇಷ್ಟ್ರು ಎಡಗಾಲಿನ ಮೇಲೆ ಎದ್ದರು, ತಿರುಗಿದರು, ಕೂತರು. ಅಷ್ಟೇ. ತಲೆ ಎಲ್ಲೂ ತಾಗಲಿಲ್ಲ. ತಾಗದಿರಲೆಂದು, ಅವರು ಕೂರುವಾಗ ಪಟ್ಟಿಯಿಂದ ಒಂದು ಕೈ ಬಿಡಿಸಿ ಆಕೆ ಚಾವಣಿಯಂಚಿಗೆ ಇಟ್ಟಿದ್ದ ಅಂಗೈ ಖಾಲಿಯೇ ಉಳಿಯಿತು. ಸೋತ ಕಾಲನ್ನು ಎತ್ತಿ ಒಳಗಿಟ್ಟಾಗ ಹಿಮ್ಮಡಿ ಹೊಸ್ತಿಲಿಗೆ ಸವರಿಕೊಂಡು ಹೋಯಿತು. ಆಕೆಗೆ ಏದುಸಿರು ಬಂದಿರಲಿಲ್ಲ. ಅದೇ ಆಕೆಗೆ ನಂಬಲಾಗದೆ ಅಲ್ಲೇ ನಿಂತಳು.

ಈಗ ಅಂಕ ಬರುತ್ತದೆ ಎಂದುಕೊಂಡಳು. ಮೇಷ್ಟ್ರು ಎಡಗೈಯಿಂದ ಎದುರಿನ ಡ್ಯಾಶ್‌ಬೋರ್ಡು ಮುಟ್ಟಿದರು, ಬಾಗಿಲ ಹಿಡಿ ಮುಟ್ಟಿದರು. ಕಷ್ಟಪಟ್ಟು ಕತ್ತು ಹೊರಳಿಸಿ ಹಿಂದೆ, ಸೀಟಿಲ್ಲದ ಖಾಲಿ ಜಾಗವನ್ನು ನೋಡಿದರು. ತುಟಿ ಎರಡು ಮೂರು ಸಲ ಕೂಡಿ ಬಿಟ್ಟಿತು. ಬಂದದ್ದು ಅಂಕಿಯಲ್ಲ.

"ಮಗು," ಎಂದರು.

ಲಾಂಡ್ರಿಯವನು ಹಿಂದಿನಿಂದ ಇಣುಕಿ, "ಮಗಳು ಬ್ಯಾಂಕಿಗೆ ಹೋಗಿರ್ತಾರೆ ಮೇಷ್ಟ್ರೇ, ಸಂಜೆ ಬರ್ತಾರೆ," ಎಂದು ಸಮಾಧಾನ ಹೇಳಿದ. ಟೈಲರಮ್ಮ ಅವನನ್ನು ತಿದ್ದಲಿಲ್ಲ. ಸೆರಗಿಗೋ ಕೈಗೋ ಎಂದು ಯೋಚಿಸದೆ ಕಣ್ಣು ಒರೆಸಿಕೊಂಡಳು. ಗಾಲಿಕುರ್ಚಿ ಮಡಿಸಿ ಹಿಂದಕ್ಕೆ ಕೊಟ್ಟು, ಪುಸ್ತಕ ತೆಗೆಯುವಾಗ ನೆಲಕ್ಕೆ ಬಿದ್ದಿದ್ದ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಆಸ್ಪತ್ರೆಯ ಕೋಣೆ ಐದಕ್ಕೆ ಮುಚ್ಚುತ್ತಿತ್ತು, ಇನ್ನೂ ಹೊತ್ತಿತ್ತು. ಹಳೇ ಬಾಗಿಲು, ಜೋರಾಗಿ ತಳ್ಳಿದರೇ ಹಾಕಿಕೊಳ್ಳುವುದು ಎಂದು, ಕುರ್ಚಿ ಇಟ್ಟು ಬಂದು ಸ್ಟೀರಿಂಗಿಗೆ ಕೂತ ಲಾಂಡ್ರಿಯವನು ಕೂಗಿ ಹೇಳಿದ. ಆಕೆ ಜೋರಾಗಿ ತಳ್ಳಲಿಲ್ಲ. ಹಿಡಿಯನ್ನು ಎತ್ತಿ ಹಿಡಿದು, ಸೊಂಟವನ್ನು ಬಾಗಿಲಿಗೆ ಆನಿಸಿ, ಚಿಲಕ ಕೂತದ್ದು ಕೈಗೆ ತಿಳಿಯುವವರೆಗೆ ನಿಧಾನವಾಗಿ, ಸದ್ದಾಗದ ಹಾಗೆ ಒತ್ತಿದಳು.