ಹದಿನಾಲ್ಕನೆಯ ಫೈಲು

ಎವೆಲಿಯೊನ ಮನೆಯಲ್ಲಿ ಮೂರು ತಲೆಮಾರಿನಿಂದ ಕೈಯಿಂದ ತಿರುಗಿಸುವ ಆರ್ಗನ್ ಇದೆ. ತೂತು ಹೊಡೆದ ರಟ್ಟನ್ನು ಅದರೊಳಗೆ ಹಾಯಿಸುತ್ತ ಹಿಡಿಕೆ ತಿರುಗಿಸಿದರೆ ಹಾಡು ಬರುತ್ತದೆ. ಅವರ ಊರು ಮನ್ಸನಿಯೊದಲ್ಲಿ ಭಾನುವಾರದ ಕುಣಿತಕ್ಕೆ ಅದು ಬೇಕೇ ಬೇಕು. ಅವನ ತಂದೆ ಕೊರೆದ, ದಾನ್ಸೋನ್ ಎಂಬ ಕುಣಿತದ ಹಾಡೊಂದರ ರಟ್ಟುಗಳು ಚಂಡಮಾರುತದ ವರ್ಷ ನೆನೆದು ಮುದ್ದೆಯಾಗಿದ್ದವು. ಅದಕ್ಕೂ ಮುಂಚೆ ಯಾರೋ ಹೊರದೇಶದವನು ಅವುಗಳ ಚಿತ್ರ ತೆಗೆದುಕೊಂಡು ಹೋಗಿದ್ದ. ಈಗ ಅವು ಹದಿನಾಲ್ಕು ದೊಡ್ಡ ಫೈಲುಗಳಾಗಿ ಇಂಟರ್ನೆಟ್ಟಿನಲ್ಲಿವೆ ಎಂದು ಪತ್ತೆ ಮಾಡಿದವಳು ತಮ್ಮನ ಮಗಳು ದಾಮಾರಿಸ್.

ಅವಳು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅವರ ಬೀದಿಗೆ ಬೆಳಗ್ಗೆ ಆರಕ್ಕೆ ಕರೆಂಟು ಬಂದರೆ ಮಧ್ಯಾಹ್ನ ಎರಡಕ್ಕೆ ಹೋಗುತ್ತಿತ್ತು. ಮನೆಯಲ್ಲಿದ್ದ ಅವಳ ಕಂಪ್ಯೂಟರ್ ಹಳೆಯದು, ಓಡುತ್ತಿರುವಾಗ ಕರೆಂಟು ಹೋದರೆ ಡಿಸ್ಕ್ ಕೆಡುವ ಭಯ. ಹಾಗಾಗಿ ಅರ್ಧಕ್ಕೆ ನಿಂತ ಡೌನ್‌ಲೋಡನ್ನು ಮರುದಿನ ನಿಂತಲ್ಲಿಂದಲೇ ಮುಂದುವರಿಸುವ ಒಂದು ಪ್ರೋಗ್ರಾಮು ಹಾಕಿ, ಒಂದೂ ನಲವತ್ತಕ್ಕೆ ಕಂಪ್ಯೂಟರ್ ತಾನೇ ಆಫ್ ಆಗುವಂತೆ ಹೊಂದಿಸಿದಳು.

"ನಾನಿಲ್ಲದಾಗ ಇದನ್ನ ಮುಟ್ಟಬೇಡಿ ದೊಡ್ಡಪ್ಪ. ತಾನಾಗೇ ಮಲ್ಕೊಳ್ಳುತ್ತೆ."

"ನನಗಿಂತ ಶಿಸ್ತು ಅದಕ್ಕೆ," ಎಂದ ಎವೆಲಿಯೊ.

ಒಂದು ಫೈಲು ಇಳಿಯಲು ಎರಡು ಬೆಳಗು ಹಿಡಿಯುತ್ತಿತ್ತು. ಇಳಿದದ್ದನ್ನು ದಾಮಾರಿಸ್ ಮರುದಿನ ಶಾಲೆಯ ಯಂತ್ರದಲ್ಲಿ ಅಚ್ಚು ಹಾಕಿಸಿ ತರುತ್ತಿದ್ದಳು. ಎವೆಲಿಯೊ ಅದನ್ನು ರಟ್ಟಿಗೆ ಅಂಟಿಸಿ ಒಂದೊಂದೇ ತೂತು ಹೊಡೆಯುತ್ತಿದ್ದ. ಹೀಗೆ ಹದಿಮೂರು ಮುಗಿದವು.

ಹದಿನಾಲ್ಕನೆಯದು ಇಳಿಯುತ್ತಿದ್ದ ಗುರುವಾರ ಎವೆಲಿಯೊ ಕಂಪ್ಯೂಟರಿನ ಮುಂದೆಯೇ ಕುಳಿತಿದ್ದ. ತೊಂಬತ್ತಾರು ಪ್ರತಿಶತ ಮುಗಿದಾಗ, ಇನ್ನೊಂದು ನಿಮಿಷದಲ್ಲಿ ಆಫ್ ಆಗುತ್ತೇನೆ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿತು. ಎರಡಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಅವನು 'ರದ್ದು' ಒತ್ತಿದ.

ಆ ದಿನ ಕರೆಂಟು ಹತ್ತು ನಿಮಿಷ ಮೊದಲೇ ಹೋಯಿತು.

ಮರುದಿನ ಕಂಪ್ಯೂಟರ್ ಏಳಲಿಲ್ಲ. ಆ ಫೈಲಿನ ಜೊತೆಗೆ ದಾಮಾರಿಸಳ ನಾಲ್ಕು ವರ್ಷದ ಪ್ರಶ್ನೆಪತ್ರಿಕೆಗಳೂ ಹೋಗಿದ್ದವು.

"ಯಾರು ಕ್ಯಾನ್ಸಲ್ ಮಾಡಿದ್ದು?"

"ನಾನೇ. ಇನ್ನು ನಾಲ್ಕೇ ಇತ್ತಮ್ಮ."

"ನಾಲ್ಕು ನಾಳೆ ಇಳೀತಿರಲಿಲ್ವಾ?"

ಆ ದಿನವೆಲ್ಲ ಅವಳು ಅವನ ಎದುರು ನಿಲ್ಲಲಿಲ್ಲ. ಕಾಫಿ ಕುದಿಸಿ ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಭಾನುವಾರ ಈ ದಾನ್ಸೋನ್ ನುಡಿಸುವುದಾಗಿ ಎವೆಲಿಯೊ ಊರಿಗೆಲ್ಲ ಹೇಳಿಯಾಗಿತ್ತು. ಶನಿವಾರ ಬೆಳಗ್ಗೆ ಹಿಂದಿನ ಕೋಣೆಯಿಂದ ಸುತ್ತಿಗೆಯ ಸದ್ದು ಕೇಳಿಸಿತು. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅವನು ಬಾಯಲ್ಲಿ ಹಾಡು ಗುನುಗುತ್ತ, ಬರೀ ರಟ್ಟಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ತೂತು ಹೊಡೆಯುತ್ತಿದ್ದ.

"ನೆನಪಿದೆಯಾ ನಿಮಗೆ?"

"ಅರ್ಧ ಇದೆ. ಇನ್ನರ್ಧ ಕುಣಿಯೋರ ಕಾಲು ಎಲ್ಲಿಗೆ ಬೀಳುತ್ತೆ ಅಂತ ಲೆಕ್ಕ ಹಾಕ್ತಿದೀನಿ."

ಅವಳು ಸ್ಟೂಲು ಎಳೆದುಕೊಂಡು ಕುಳಿತು, ರಟ್ಟು ಅಲುಗದಂತೆ ಹಿಡಿದಳು.

ಭಾನುವಾರ ಜನ ಕೊನೆಯವರೆಗೂ ಕುಣಿದರು. ಕೊನೆಯ ರಟ್ಟು ಬೇರೆಯದೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬ ಮುದುಕಿ ಮಾತ್ರ ಬಂದು, "ನಿನ್ನಪ್ಪ ಇಷ್ಟು ಬೇಗ ಮುಗಿಸ್ತಿರಲಿಲ್ಲ ಕಣೋ," ಎಂದಳು.

ಎರಡು ತಿಂಗಳ ಮೇಲೆ ಬೇರೆ ಡಿಸ್ಕ್ ಸಿಕ್ಕಿತು. ದಾಮಾರಿಸ್ ಈ ಸಲ ಆಫ್ ಆಗುವ ಹೊತ್ತನ್ನು ಒಂದು ಗಂಟೆಗೇ ಇಟ್ಟಳು. ಮೂರನೆಯ ದಿನ ಫೈಲು ಪೂರ್ತಿ ಇಳಿಯಿತು. ಎವೆಲಿಯೊ ಅಚ್ಚು ಹಾಕಿಸಿದ ಹಾಳೆಗಳನ್ನು ನೆಲದ ಮೇಲೆ ಹಾಸಿ, ಪಕ್ಕದಲ್ಲಿ ತಾನು ಕೊರೆದ ರಟ್ಟು ಬಿಡಿಸಿಟ್ಟು, ಮಂಡಿಯೂರಿ ಬಹಳ ಹೊತ್ತು ನೋಡಿದ.

"ಹೇಗಿದೆ?" ಎಂದಳು ಅವಳು.

"ಅಪ್ಪಂದೇ ಚೆನ್ನಾಗಿದೆ," ಎಂದು ಎದ್ದು, ಹೊಸ ರಟ್ಟು ತರಲು ಹೋದ.